ಬಿಸಿಲನ್ನು ರಾತ್ರಿಗೆ ಎತ್ತಿಟ್ಟ ಮನೆ



ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಒಂದು ಕೇಂದ್ರವಿದೆ. ನಮ್ಮ ಖಗೋಳ ವಿಜ್ಞಾನಿಗಳು ಅಲ್ಲಿ ಕೂತು ರಾತ್ರಿಯೆಲ್ಲ ಒಂದು ದೂರದರ್ಶಕವನ್ನು ನಡೆಸುತ್ತಾರೆ. ದೂರದರ್ಶಕ ಇರುವುದು ಮಾತ್ರ ಲಡಾಖಿನ ಹಾನ್ಲೆ ಎಂಬಲ್ಲಿ, ಸಮುದ್ರಮಟ್ಟದಿಂದ ಸುಮಾರು 4500 ಮೀಟರ್ ಎತ್ತರದ ಗುಡ್ಡದ ಮೇಲೆ. ಎರಡು ಮೀಟರ್ ಅಗಲದ ಅದರ ಕನ್ನಡಿಯನ್ನು ಅಷ್ಟು ದೂರ, ಅಷ್ಟು ಎತ್ತರಕ್ಕೆ ಹೊತ್ತದ್ದೇಕೆ ಎಂದರೆ, ಅಲ್ಲಿನ ಗಾಳಿ ತೆಳು, ಒಣ, ಆಕಾಶ ನಿರ್ಮಲ. ನಕ್ಷತ್ರದ ಬೆಳಕು ಮೋಡಕ್ಕಾಗಲಿ ತೇವಕ್ಕಾಗಲಿ ಸಿಕ್ಕಿಕೊಳ್ಳದೆ ನೆಲ ಮುಟ್ಟುತ್ತದೆ.

ಇವತ್ತು ನಾನು ಮಾತಾಡಬೇಕಾದದ್ದು ನಕ್ಷತ್ರಗಳ ವಿಷಯವಲ್ಲ, ಮನೆ ಕಟ್ಟುವ ವಿಷಯ. ಆದರೆ ಎರಡಕ್ಕೂ ಮೂಲ ಆ ಆಕಾಶವೇ. ರಾತ್ರಿ ನಕ್ಷತ್ರಗಳನ್ನು ಅಷ್ಟು ಚೊಕ್ಕಟವಾಗಿ ತೋರಿಸುವ ಆಕಾಶ ಹಗಲು ಸೂರ್ಯನನ್ನೂ ಹಾಗೆಯೇ ಧಾರಾಳವಾಗಿ ಇಳಿಸುತ್ತದೆ. ಸಂಜೆಯಾದ ಮೇಲೆ ನೆಲದ ಕಾವನ್ನೂ ಅಷ್ಟೇ ಸಲೀಸಾಗಿ ಮೇಲಕ್ಕೆ ಬಿಟ್ಟುಬಿಡುತ್ತದೆ. ತಡೆಯಲು ಮೋಡವಿಲ್ಲ, ಗಾಳಿಯಲ್ಲಿ ನೀರಿನ ಪಸೆಯಿಲ್ಲ. ಹಾಗಾಗಿ ಲಡಾಖಿನ ಲೇಹ್ ಪಟ್ಟಣದಲ್ಲಿ ಜನವರಿ ತಿಂಗಳ ಮಧ್ಯಾಹ್ನ ಬಿಸಿಲಿಗೆ ಬೆನ್ನು ಕೊಟ್ಟು ಕೂತವನು ಕೋಟು ತೆಗೆದು ಪಕ್ಕಕ್ಕಿಡುತ್ತಾನೆ. ಅದೇ ರಾತ್ರಿ ಬಕೆಟ್ಟಿನ ನೀರು ತಳದವರೆಗೂ ಗಡ್ಡೆಕಟ್ಟಿರುತ್ತದೆ. ಹಗಲು ಉಷ್ಣಾಂಶ ಸೊನ್ನೆಯ ಆಸುಪಾಸು, ರಾತ್ರಿ ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಕೆಲವು ರಾತ್ರಿ ಅದಕ್ಕಿಂತಲೂ ಕೆಳಗೆ.

ಲಡಾಖಿನ ಚಳಿಯ ವಿಷಯದಲ್ಲಿ ನಾವು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ. ಅಲ್ಲಿ ಶಾಖಕ್ಕೆ ಬರವಿಲ್ಲ. ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ದಿನ ಬಿಸಿಲು. ವರ್ಷವಿಡೀ ಬೀಳುವ ಮಳೆ, ಹಿಮ ಎಲ್ಲ ಸೇರಿಸಿದರೂ ಸುಮಾರು 100 ಮಿಲಿಮೀಟರ್. ಬೆಂಗಳೂರಿನಲ್ಲಿ ಒಂದು ಜಡಿಮಳೆಗೆ ಒಂದೇ ದಿನ ಅಷ್ಟು ಸುರಿದದ್ದುಂಟು. ಕೊರತೆಯಿರುವುದು ಹೊತ್ತಿನದು. ಶಾಖ ಬರುವುದು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ, ಬೇಕಾಗುವುದು ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ. ನಡುವಿನ ಆ ಕೆಲವು ಗಂಟೆಗಳನ್ನು ದಾಟಿಸುವ ಸಾಧನ ಒಂದಿದ್ದರೆ ಸಾಕು. ಆ ಸಾಧನ ಮನೆಯೇ ಆಗಬಹುದು ಎಂಬುದು ಬಿಸಿಲು ಮನೆಯ ವಿದ್ಯೆ. ಅದಕ್ಕೆ ಪಂಪು ಬೇಡ, ಫ್ಯಾನು ಬೇಡ, ಮಾಡಿನ ಮೇಲೆ ಸೌರಫಲಕವೂ ಬೇಡ. ಗೋಡೆ, ಗಾಜು, ಮಣ್ಣು, ಹುಲ್ಲು, ಪರದೆ, ಇಷ್ಟನ್ನು ಸರಿಯಾದ ಜಾಗದಲ್ಲಿಟ್ಟರೆ ಸಾಕು.

ಜಾಗದಿಂದಲೇ ಶುರುಮಾಡೋಣ. ನಮ್ಮಲ್ಲಿ ಮನೆ ಕಟ್ಟುವಾಗ ಪೂರ್ವಕ್ಕೆ ಬಾಗಿಲು, ಈಶಾನ್ಯಕ್ಕೆ ದೇವರ ಮನೆ ಎಂದೆಲ್ಲ ಲೆಕ್ಕ ಹಾಕುತ್ತೇವೆ. ಲಡಾಖಿನಲ್ಲಿ ಲೆಕ್ಕ ಹಾಕಬೇಕಾದದ್ದು ದಕ್ಷಿಣವನ್ನು. ಲೇಹ್ ಇರುವುದು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣದ ದಿಗಂತದಿಂದ 32 ಡಿಗ್ರಿ ಮಾತ್ರ ಮೇಲಿರುತ್ತಾನೆ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ 54 ಡಿಗ್ರಿ. ಜೂನ್ 21ಕ್ಕೆ ಲೇಹ್‌ನಲ್ಲಿ 79 ಡಿಗ್ರಿ, ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಈ ಎರಡು ಕೋನಗಳ ನಡುವಿನ ಅಂತರದಲ್ಲೇ ಇಡೀ ವಿನ್ಯಾಸ ಅಡಗಿದೆ.

ಚಳಿಗಾಲದ ಸೂರ್ಯ ತಗ್ಗಿನಲ್ಲಿರುವುದರಿಂದ ಅವನ ಕಿರಣ ಮಾಡಿನ ಮೇಲೆ ಓರೆಯಾಗಿ ಜಾರುತ್ತದೆ, ದಕ್ಷಿಣದ ಗೋಡೆಗೆ ಎದುರಾಗಿ ಹೊಡೆಯುತ್ತದೆ. ಲೆಕ್ಕ ಹಾಕಿ ನೋಡಿದರೆ ಡಿಸೆಂಬರಿನ ಮಧ್ಯಾಹ್ನ ಒಂದು ಚದರ ಮೀಟರ್ ಮಾಡಿನ ಮೇಲೆ ಬೀಳುವ ನೇರ ಬಿಸಿಲಿಗಿಂತ ಒಂದು ಚದರ ಮೀಟರ್ ದಕ್ಷಿಣ ಗೋಡೆಯ ಮೇಲೆ ಬೀಳುವುದು ಒಂದೂವರೆ ಪಟ್ಟಿಗೂ ಹೆಚ್ಚು. ಜೂನಿನಲ್ಲಿ ಈ ಲೆಕ್ಕ ತಲೆಕೆಳಗು: ಮಾಡಿಗೆ ಬೀಳುವುದರ ಐದರಲ್ಲೊಂದು ಪಾಲೂ ಗೋಡೆಗೆ ಬೀಳುವುದಿಲ್ಲ. ಅಂದರೆ ದಕ್ಷಿಣಕ್ಕೆ ನೆಟ್ಟಗೆ ನಿಲ್ಲಿಸಿದ ಗಾಜು ಬೇಕಾದ ಕಾಲದಲ್ಲಿ ಹೆಚ್ಚು ಬಿಸಿಲು ತೆಗೆದುಕೊಳ್ಳುತ್ತದೆ, ಬೇಡವಾದ ಕಾಲದಲ್ಲಿ ತಾನಾಗಿಯೇ ಕಡಿಮೆ ತೆಗೆದುಕೊಳ್ಳುತ್ತದೆ. ಕಿಟಕಿಯ ಮೇಲೆ ಒಂದೂವರೆ ಅಡಿ ಸಜ್ಜ ಚಾಚಿದರೆ ಇನ್ನೂ ಅನುಕೂಲ. ಜೂನಿನ ಮಧ್ಯಾಹ್ನ ಅದರ ನೆರಳು ಸುಮಾರು ಎಂಟು ಅಡಿ ಕೆಳಗಿಳಿದು ಇಡೀ ಕಿಟಕಿಯನ್ನು ಮುಚ್ಚುತ್ತದೆ. ಡಿಸೆಂಬರಿನಲ್ಲಿ ಅದೇ ಸಜ್ಜದ ನೆರಳು ಒಂದಡಿಯನ್ನೂ ಮೀರುವುದಿಲ್ಲ. ಯಾರೂ ಕೈಹಚ್ಚದೆ ವರ್ಷಕ್ಕೆರಡು ಬಾರಿ ತಾನೇ ತೆರೆದು ಮುಚ್ಚಿಕೊಳ್ಳುವ ಪರದೆ ಅದು.

ಪೂರ್ವ, ಪಶ್ಚಿಮದ ಗಾಜಿಗೆ ಈ ಗುಣವಿಲ್ಲ. ಬೇಸಿಗೆಯ ಬೆಳಗು, ಸಂಜೆಗಳಲ್ಲಿ ತಗ್ಗಿನ ಬಿಸಿಲು ನೇರ ಒಳಗೆ ನುಗ್ಗುತ್ತದೆ, ಚಳಿಗಾಲದಲ್ಲಿ ಅಷ್ಟಕ್ಕಷ್ಟೆ. ಉತ್ತರದ ಗಾಜಂತೂ ಚಳಿಗಾಲವಿಡೀ ಸೂರ್ಯನ ಮುಖ ಕಾಣುವುದಿಲ್ಲ. ಆದ್ದರಿಂದ ಮನೆ ಪೂರ್ವ-ಪಶ್ಚಿಮಕ್ಕೆ ಉದ್ದವಾಗಿ, ಉತ್ತರ-ದಕ್ಷಿಣಕ್ಕೆ ಗಿಡ್ಡವಾಗಿ ಇರಬೇಕು. ಜನ ಕೂತು ಮಲಗುವ ಕೋಣೆಗಳೆಲ್ಲ ದಕ್ಷಿಣದ ಸಾಲಿನಲ್ಲಿರಬೇಕು. ಉಗ್ರಾಣ, ಮೆಟ್ಟಿಲು, ಹಳೆ ಸಾಮಾನಿನ ಕೋಣೆ, ಲಡಾಖಿಗಳು ಗೊಬ್ಬರಕ್ಕಾಗಿ ಕಟ್ಟಿಕೊಳ್ಳುವ ಒಣ ಪಾಯಖಾನೆ, ಇವೆಲ್ಲ ಉತ್ತರಕ್ಕೆ ಹೋಗಬೇಕು. ಅವು ತಣ್ಣಗಿದ್ದರೂ ನಡೆಯುತ್ತದೆ. ತಾವು ಚಳಿ ತಿಂದು ಒಳಗಿನ ಕೋಣೆಗೆ ತಡೆಯಾಗಿ ನಿಲ್ಲುತ್ತವೆ. ಇಷ್ಟಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಾಗುವುದಿಲ್ಲ. ನಕ್ಷೆ ಬರೆಯುವಾಗ ಹೊಳೆಯಬೇಕು, ಅಷ್ಟೆ. ಗೋಡೆ ಎದ್ದ ಮೇಲೆ ಹೊಳೆದರೆ ಪ್ರಯೋಜನವಿಲ್ಲ.

ಈಗ ಗಾಜಿನ ಮಾತು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ; ಬಿಸಿಲು ತಾಗಿ ಬೆಚ್ಚಗಾದ ನೆಲ, ಗೋಡೆ ಹೊರಸೂಸುವ ದೀರ್ಘತರಂಗದ ಶಾಖಕಿರಣವನ್ನು ಹೊರಗೆ ಬಿಡುವುದಿಲ್ಲ. ಇದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಆ ಪಾಠ ಅರ್ಧ ಮಾತ್ರ. ಗಾಜು ತಾನೇ ಬಿಸಿಯಾಗಿ, ಹೊರಗಿನ ಗಾಳಿಗೆ ಆ ಬಿಸಿಯನ್ನು ದಾಟಿಸುತ್ತಲೇ ಇರುತ್ತದೆ. ಒಳಗೆ 15 ಡಿಗ್ರಿ, ಹೊರಗೆ ಸೊನ್ನೆಗಿಂತ 15 ಕೆಳಗೆ ಎಂದಿಟ್ಟುಕೊಳ್ಳಿ. ಒಂಟಿ ಗಾಜಿನ ಒಂದು ಚದರ ಮೀಟರಿನಿಂದ ಸುಮಾರು 170 ವಾಟ್ ಶಾಖ ಸೋರಿಹೋಗುತ್ತದೆ. ಹತ್ತು ಚದರ ಮೀಟರ್ ಕಿಟಕಿಯಿದ್ದರೆ, ಒಂದು ದೊಡ್ಡ ರೂಮ್ ಹೀಟರನ್ನು ಇಡೀ ರಾತ್ರಿ ಅಂಗಳದಲ್ಲಿ ಉರಿಸಿಟ್ಟ ಹಾಗಾಯಿತು. ಜೋಡಿ ಗಾಜು ಹಾಕಿದರೆ ಈ ಸೋರಿಕೆ ಅರ್ಧಕ್ಕಿಳಿಯುತ್ತದೆ. ರಾತ್ರಿ ದಪ್ಪ ಪರದೆ ಎಳೆದರೆ ಇನ್ನೂ ಕಡಿಮೆ.

ಬರುವ ಕಡೆಯ ಲೆಕ್ಕವನ್ನೂ ನೋಡೋಣ. ಶುಭ್ರ ಚಳಿಗಾಲದ ಒಂದು ಹಗಲು ದಕ್ಷಿಣಕ್ಕೆ ಮುಖ ಮಾಡಿದ ಒಂದು ಚದರ ಮೀಟರಿನ ಮೇಲೆ ಬೀಳುವ ಬಿಸಿಲು ನಮ್ಮ ಕರೆಂಟು ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಐದು ಯೂನಿಟ್ಟಿಗೆ ಕಡಿಮೆಯಿಲ್ಲ. ಹತ್ತು ಚದರ ಮೀಟರಿಗೆ ಐವತ್ತು ಯೂನಿಟ್. ಗಾಜಿನಲ್ಲಿ ಒಂದಿಷ್ಟು ಪ್ರತಿಫಲಿಸಿ ಹೋದರೂ ಮೂವತ್ತು, ಮೂವತ್ತೈದು ಯೂನಿಟ್ ಒಳಗೆ ಬರುತ್ತದೆ. ಜೋಡಿ ಗಾಜಿನ ದಕ್ಷಿಣದ ಕಿಟಕಿ ಹೀಗೆ ಕಳೆದುಕೊಳ್ಳುವುದಕ್ಕಿಂತ ಹೆಚ್ಚು ಗಳಿಸುತ್ತದೆ. ಉತ್ತರದ ಕಿಟಕಿಗೆ ಗಳಿಕೆಯಿಲ್ಲ, ಸೋರಿಕೆ ಮಾತ್ರ ಅಷ್ಟೇ. ಲೇಹ್‌ನಲ್ಲಿ ಈಚೆಗೆ ಎದ್ದಿರುವ ಹೋಟೆಲುಗಳಲ್ಲಿ ಬೆಟ್ಟ ಚೆನ್ನಾಗಿ ಕಾಣಲೆಂದು ನಾಲ್ಕೂ ದಿಕ್ಕಿಗೆ ದೊಡ್ಡ ಗಾಜು ಹಾಕಿದ್ದನ್ನು ನೋಡಿದಾಗ ಈ ಲೆಕ್ಕ ನೆನಪಾಗುತ್ತದೆ.

ಒಳಗೆ ಬಂದ ಮೂವತ್ತು ಯೂನಿಟ್ ಶಾಖವನ್ನು ಏನು ಮಾಡುವುದು? ಕೋಣೆಯಲ್ಲಿ ಗಾಳಿ ಮಾತ್ರ ಇದ್ದರೆ ಮಧ್ಯಾಹ್ನ ಎರಡಕ್ಕೆ ಬೆವರು ಕಿತ್ತುಬಂದು ಕಿಟಕಿ ತೆಗೆಯುತ್ತೀರಿ. ರಾತ್ರಿ ಒಂಬತ್ತಕ್ಕೆ ಹಲ್ಲು ಕಟಕಟ ಎನ್ನುತ್ತದೆ. ಗಾಳಿಗೆ ಶಾಖ ಹಿಡಿದಿಡುವ ಶಕ್ತಿ ಇಲ್ಲ. ಹಿಡಿದಿಡಲು ತೂಕದ ವಸ್ತು ಬೇಕು: ಕಲ್ಲು, ಮಣ್ಣು, ಇಟ್ಟಿಗೆ, ನೀರು. ಒಂದು ಘನ ಮೀಟರ್ ಮಣ್ಣಿನ ಗೋಡೆ ಹತ್ತು ಡಿಗ್ರಿಯಷ್ಟು ಬೆಚ್ಚಗಾದರೆ ನಾಲ್ಕು ಯೂನಿಟ್ಟಿನಷ್ಟು ಶಾಖ ಅದರಲ್ಲಿ ಕೂತಿರುತ್ತದೆ. ಅಷ್ಟೇ ಗಾತ್ರದ ನೀರಾದರೆ ಹೆಚ್ಚುಕಡಿಮೆ ಅದರ ಮೂರು ಪಟ್ಟು. ಮಣ್ಣಿಗೆ ಇನ್ನೊಂದು ಗುಣವಿದೆ, ಅದು ನಿಧಾನಿ. ಒಂದಡಿ ದಪ್ಪದ ಮಣ್ಣಿನ ಗೋಡೆಯ ಹೊರಮೈಗೆ ಬಿದ್ದ ಬಿಸಿ ಒಳಮೈಗೆ ಬಂದು ಮುಟ್ಟಲು ಎಂಟು ಹತ್ತು ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಹೊರಟದ್ದು ರಾತ್ರಿ ಊಟದ ಹೊತ್ತಿಗೆ, ಮಲಗುವ ಹೊತ್ತಿಗೆ ಒಳಗೆ ತಲುಪುತ್ತದೆ. ಹಗಲಿನಿಂದ ರಾತ್ರಿಗೆ ದಾಟಿಸುವ ಸಾಧನ ಎಂದೆನಲ್ಲ, ಅದು ಇದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಮಣ್ಣಿನ ಗೋಡೆ ದಪ್ಪವಾಗಿದ್ದರೆ ಚಳಿ ತಡೆಯುತ್ತದೆ ಎಂದು ನಂಬುತ್ತಾರೆ. ಮಣ್ಣು ಶಾಖವನ್ನು ಕೂಡಿಡುತ್ತದೆಯೇ ಹೊರತು ಅಷ್ಟಾಗಿ ತಡೆಯುವುದಿಲ್ಲ. ಎರಡಡಿ ಮಣ್ಣಿನ ಗೋಡೆಗಿಂತ ನಾಲ್ಕು ಇಂಚು ಒತ್ತಿ ತುಂಬಿದ ಒಣ ಹುಲ್ಲು ಶಾಖವನ್ನು ಹೆಚ್ಚು ತಡೆಯುತ್ತದೆ. ಕೂಡಿಡುವುದು ಒಂದು ಕೆಲಸ, ತಡೆಯುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ವಸ್ತು ಬೇಕು, ಅವುಗಳ ಸರದಿಯೂ ಸರಿಯಿರಬೇಕು. ಭಾರದ ಮಣ್ಣು ಒಳಗಡೆ, ಹಗುರದ ಹುಲ್ಲು, ಮರದ ಹೊಟ್ಟು, ಉಣ್ಣೆ ಹೊರಗಡೆ. ಕಂಬಳಿಯನ್ನು ನಾವು ಮೈಮೇಲೆ ಹೊದೆಯುತ್ತೇವೆ, ನುಂಗುವುದಿಲ್ಲ. ಹಾಗೆಯೇ ಗೋಡೆಗೂ. ಹುಲ್ಲಿನ ಪದರವನ್ನು ಒಳಬದಿಗೆ ಹಾಕಿಬಿಟ್ಟರೆ ಹೊರಗಿನ ಮಣ್ಣು ಬೀದಿಯ ಚಳಿಯೊಂದಿಗೆ ಸೇರಿಹೋಗುತ್ತದೆ, ಮನೆಯ ಬಿಸಿಯನ್ನು ಕೂಡಿಡಲು ಒಳಗೆ ಏನೂ ಉಳಿಯುವುದಿಲ್ಲ.

ಪಶ್ಚಿಮ ಹಿಮಾಲಯದ ಹಳ್ಳಿಗಳಲ್ಲಿ ಗೆರೆಸ್ ಎಂಬ ಫ್ರೆಂಚ್ ಸಂಸ್ಥೆ ಮತ್ತು ಸ್ಥಳೀಯ ಸಂಘಟನೆಗಳು ಸೇರಿ ಸಾಮಾನ್ಯ ರೈತರ ಮನೆಗಳನ್ನೇ ಈ ರೀತಿ ತಿದ್ದಿದ್ದಾರೆ. ಉತ್ತರ, ಪೂರ್ವ, ಪಶ್ಚಿಮದ ಗೋಡೆಗಳನ್ನು ಜೋಡಿಯಾಗಿ ಕಟ್ಟಿ, ನಡುವಿನ ಸಂದಿಗೆ ಹುಲ್ಲೋ ಮರದ ಹೊಟ್ಟೋ ತುಂಬುತ್ತಾರೆ. ಮಾಡಿಗೂ ಹಾಗೆಯೇ. ಲಡಾಖಿನ ಹಳೆಯ ಮಾಡು ಎಂದರೆ ಪಾಪ್ಲರ್ ಮರದ ತೊಲೆ, ಅದರ ಮೇಲೆ ಒತ್ತೊತ್ತಾಗಿ ಹೊಂದಿಸಿದ ವಿಲೋ ಕಡ್ಡಿ, ಹುಲ್ಲಿನ ಹಾಸು, ಮೇಲೆ ಮಣ್ಣು. ಆ ಹುಲ್ಲಿನ ಹಾಸನ್ನು ದಪ್ಪ ಮಾಡಿದರೆ ಅರ್ಧ ಕೆಲಸ ಆಯಿತು. ಸಾಮಗ್ರಿ ಎಲ್ಲ ಊರಿನದೇ. ಹೊರಗಿನಿಂದ ಸಾಮಾನು ಬರುವ ದಾರಿಯ ಜೊಜಿ ಲಾ ಕಣಿವೆ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಈ ಮನೆಗಳ ಮುಖ್ಯ ಅಂಗ ಟ್ರಾಂಬ್ ಗೋಡೆ. ಅದರ ಕಥೆ ಸ್ವಲ್ಪ ಹೇಳಬೇಕು. 1881ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಸೇಲಂ ಊರಿನ ಎಡ್ವರ್ಡ್ ಮೋರ್ಸ್ ಎಂಬಾತ ಗಾಜಿನ ಹಿಂದೆ ಕಪ್ಪು ಮೇಲ್ಮೈ ಇಟ್ಟು, ನಡುವೆ ಬಿಸಿಯಾದ ಗಾಳಿಯನ್ನು ಕೋಣೆಗೆ ಹಾಯಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಕಲ್ಲಿದ್ದಲು ಅಗ್ಗವಾಗಿದ್ದ ಕಾಲ ಅದು, ಯಾರೂ ಹಚ್ಚಿಕೊಳ್ಳಲಿಲ್ಲ. ಮುಂದೆ ಫ್ರಾನ್ಸಿನ ಪಿರೆನೀಸ್ ಬೆಟ್ಟಗಳ ಒಡೆಯೊ ಎಂಬಲ್ಲಿ ಸೌರ ಕುಲುಮೆಯ ಮೇಲೆ ಕೆಲಸ ಮಾಡುತ್ತಿದ್ದ ಫೆಲಿಕ್ಸ್ ಟ್ರಾಂಬ್, ವಾಸ್ತುಶಿಲ್ಪಿ ಜಾಕ್ ಮಿಶೆಲ್ ಜೊತೆಗೂಡಿ 1967ರಲ್ಲಿ ಇಂಥ ಗೋಡೆಯ ಮನೆಯೊಂದನ್ನು ಕಟ್ಟಿದರು. ಗೋಡೆಗೆ ಟ್ರಾಂಬ್ ಹೆಸರೇ ಅಂಟಿತು. ಲಡಾಖಿಗೆ 1975ರಲ್ಲಿ ಬಂದ ಹೆಲೆನಾ ನಾರ್ಬರ್ಗ್-ಹಾಜ್ ಮತ್ತು ಅವರ ಸ್ಥಳೀಯ ಸಂಗಡಿಗರು ಈ ಗೋಡೆಯನ್ನು ಅಲ್ಲಿನ ಮನೆಗಳಲ್ಲಿ ಪ್ರಯೋಗಿಸತೊಡಗಿದರು. 1983ರಲ್ಲಿ ಹುಟ್ಟಿದ ಲಡಾಖ್ ಪರಿಸರ ಅಭಿವೃದ್ಧಿ ಗುಂಪು ಅದನ್ನು ಮುಂದುವರಿಸಿತು. ಫ್ರಾನ್ಸಿನಲ್ಲಿ ಅದು ಕಾಂಕ್ರೀಟಿನದು, ಲಡಾಖಿನಲ್ಲಿ ಹಸಿ ಇಟ್ಟಿಗೆಯದು. ಉಳಿದದ್ದೆಲ್ಲ ಅದೇ.

ಲೇಹ್ ಹತ್ತಿರದ ಹಳ್ಳಿಯೊಂದರಲ್ಲಿ ಅಂಥ ಗೋಡೆಯನ್ನು ನಾನು ಹತ್ತಿರದಿಂದ ನೋಡಿದೆ. ದಕ್ಷಿಣದ ಗೋಡೆಯ ಹೊರಮೈಗೆ ಮಸಿಗಪ್ಪು ಬಣ್ಣ ಬಳಿದಿದ್ದರು. ಅದರ ಮುಂದೆ ಒಂದು ಗೇಣಿಗಿಂತ ಕಡಿಮೆ ಜಾಗ ಬಿಟ್ಟು ಮರದ ಚೌಕಟ್ಟಿನಲ್ಲಿ ಗಾಜು. ಒಳಗೆ ಹೋಗಿ ನೋಡಿದರೆ ಗೋಡೆಯ ಬುಡದಲ್ಲಿ ಎರಡು ಕಿಂಡಿ, ಮಾಡಿನ ಹತ್ತಿರ ಎರಡು ಕಿಂಡಿ. ಗಾಜಿಗೂ ಗೋಡೆಗೂ ನಡುವಿನ ಗಾಳಿ ಬಿಸಿಯಾಗಿ ಮೇಲೇರಿ ಮೇಲಿನ ಕಿಂಡಿಯಿಂದ ಕೋಣೆಗೆ ಬರುತ್ತದೆ. ಕೋಣೆಯ ತಣ್ಣನೆ ಗಾಳಿ ಕೆಳಗಿನ ಕಿಂಡಿಯಿಂದ ಹೊರಗಿನ ಸಂದಿಗೆ ಹೋಗುತ್ತದೆ. ಮೇಲಿನ ಕಿಂಡಿಯ ಬಾಯಿಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಮೇಲಂಚಿಗೆ ಮಾತ್ರ ಮೊಳೆ ಹೊಡೆದು ಇಳಿಬಿಟ್ಟಿದ್ದರು. ಬಿಸಿಗಾಳಿ ಬರುತ್ತಿರುವಷ್ಟು ಹೊತ್ತು ಆ ತುಂಡು ಮೆಲ್ಲಗೆ ಎದ್ದು ಆಡುತ್ತಿತ್ತು. ರಾತ್ರಿ ಸಂದಿಯ ಗಾಳಿ ತಣ್ಣಗಾಗಿ ಕೆಳಗಿಳಿಯತೊಡಗಿದರೆ ಕೋಣೆಯ ಬಿಸಿಗಾಳಿಯನ್ನು ಮೇಲಿನ ಕಿಂಡಿಯಿಂದ ಹೊರಗೆ ಎಳೆಯುತ್ತದೆ. ಆಗ ಆ ತುಂಡು ಕಿಂಡಿಗೆ ಅಂಟಿಕೊಂಡು ದಾರಿ ಮುಚ್ಚುತ್ತದೆ. ಅಷ್ಟು ಸಣ್ಣ ತುಂಡು ಇಲ್ಲದಿದ್ದರೆ ಹಗಲೆಲ್ಲ ಗಳಿಸಿದ್ದನ್ನು ಗೋಡೆಯೇ ರಾತ್ರಿ ಹೊರಗೆ ಸಾಗಿಸಿಬಿಡುತ್ತದೆ.

ಆ ಮನೆಯ ಹಿರಿಯ ಹೆಂಗಸನ್ನು ಎಲ್ಲರೂ ಆಮಾ-ಲೇ ಎಂದು ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಇನ್ನೂ ನಾಲ್ಕು ಗಂಟೆಯಾಗಿರಲಿಲ್ಲ, ಗಾಜಿನ ಮೇಲೆ ಬಿಸಿಲಿತ್ತು. ಆಕೆ ಎದ್ದು ಪಕ್ಕದ ಕೋಣೆಯ ದೊಡ್ಡ ಕಿಟಕಿಗೆ ಹತ್ತಿ ತುಂಬಿದ ದಪ್ಪ ಪರದೆಯನ್ನು ಎಳೆಯತೊಡಗಿದರು. "ಬಿಸಿಲು ಇನ್ನೂ ಇದೆಯಲ್ಲ, ಆಮಾ-ಲೇ?" ಎಂದು ಅವರ ಮೊಮ್ಮಗನ ಮೂಲಕ ಕೇಳಿದೆ. "ಈ ಬಿಸಿಲಿನಲ್ಲಿ ಇನ್ನು ತಿರುಳಿಲ್ಲ. ಇನ್ನರ್ಧ ಗಂಟೆಗೆ ಆ ಬೆಟ್ಟದಿಂದ ಗಾಳಿ ಇಳಿಯುತ್ತೆ. ಅದು ಬರೋ ಮುಂಚೆ ಮುಚ್ಚಬೇಕು" ಎಂದರು. ಆಮೇಲೆ ನನ್ನ ಕೈ ಹಿಡಿದು ಗೋಡೆಗೆ ಮುಟ್ಟಿಸಿದರು. ಒಳಮೈ ಇನ್ನೂ ತಣ್ಣಗೇ ಇತ್ತು. "ರಾತ್ರಿ ಮುಟ್ಟಿ ನೋಡಿ" ಎಂದರು. ರಾತ್ರಿ ಊಟ ಮುಗಿಸಿ ಮುಟ್ಟಿದಾಗ ಅಂಗೈಗೆ ಹಿತವಾಗಿ ಬೆಚ್ಚಗಿತ್ತು. ಒಲೆಯಲ್ಲಿ ಕೆಂಡ ಆರಿ ಬಹಳ ಹೊತ್ತಾಗಿತ್ತು.

ಇಂಥ ಮನೆಯಲ್ಲಿ ಇರುವವರಿಗೆ ದಿನವೂ ಕೆಲಸವಿದೆ ಎಂಬುದನ್ನು ಆ ಮಧ್ಯಾಹ್ನ ಕಂಡೆ. ಬೆಳಿಗ್ಗೆ ಬಿಸಿಲು ಗಾಜಿಗೆ ಬಂದೊಡನೆ ಪರದೆ ತೆಗೆಯಬೇಕು. ಗಾಜಿನ ಮೇಲಿನ ದೂಳು ಒರೆಸಬೇಕು. ಎರಡು ಬಾಗಿಲುಗಳ ನಡುವಿನ ಸಣ್ಣ ಕೋಣೆಯಲ್ಲಿ ಹೊರಬಾಗಿಲು ಹಾಕಿಕೊಂಡ ಮೇಲೆಯೇ ಒಳಬಾಗಿಲು ತೆಗೆಯಬೇಕು. ಮಕ್ಕಳಿಗೂ ಅದನ್ನು ಕಲಿಸಬೇಕು. ಬಾಗಿಲ ಚೌಕಟ್ಟಿನ ಸಂದಿಗೆ ಉಣ್ಣೆಯ ಪಟ್ಟಿ ತುರುಕಬೇಕು. ಮರೆತರೆ ಮನೆ ಕೈಕೊಡುತ್ತದೆ. ಯಂತ್ರದ ಗುಂಡಿ ಒತ್ತಿ ಸುಮ್ಮನಿರುವವರಿಗೆ ಒಗ್ಗುವ ಮನೆ ಇದಲ್ಲ.

ಎಲ್ಲ ಕೋಣೆಗೂ ಟ್ರಾಂಬ್ ಗೋಡೆಯೇ ಬೇಕೆಂದಿಲ್ಲ. ಕೋಣೆಯನ್ನು ಯಾವ ಹೊತ್ತಿನಲ್ಲಿ ಬಳಸುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಶಾಲೆಯ ಕೊಠಡಿ, ಕಚೇರಿ ಇವಕ್ಕೆ ಬೆಳಿಗ್ಗೆಯೇ ಬಿಸಿ ಬೇಕು, ರಾತ್ರಿ ಬೇಡ. ಅಲ್ಲಿ ದೊಡ್ಡ ಕಿಟಕಿಯಿಂದ ಬಿಸಿಲು ನೇರ ಒಳಗೆ ಬಿದ್ದರೆ ಒಳ್ಳೆಯದು. ಮಲಗುವ ಕೋಣೆಗೆ ರಾತ್ರಿ ಬಿಸಿ ಬೇಕು. ಅಲ್ಲಿ ಟ್ರಾಂಬ್ ಗೋಡೆ. ಸಂಸಾರವೆಲ್ಲ ಹಗಲು ಕೂರುವ ಜಾಗಕ್ಕೆ ಮನೆಯ ದಕ್ಷಿಣಕ್ಕೆ ಅಂಟಿಸಿದ ಗಾಜಿನ ಪಡಸಾಲೆ. ಲಡಾಖಿಗಳು ಅದನ್ನು ಶೆಲ್‌ಖಾಂಗ್ ಎನ್ನುತ್ತಾರೆ. ಅಲ್ಲಿ ಚಳಿಗಾಲದಲ್ಲೂ ಸೊಪ್ಪು ಬೆಳೆಯಬಹುದು, ಹಿರಿಯರು ಕೂತು ಜಪ ಮಾಡಬಹುದು, ಮಕ್ಕಳು ಓದಬಹುದು.

ಶೇ ಎಂಬ ಹಳ್ಳಿಯಲ್ಲಿರುವ ಡ್ರುಕ್ ವೈಟ್ ಲೋಟಸ್ ಶಾಲೆಯಲ್ಲಿ ಈ ವಿವೇಕ ಚೆನ್ನಾಗಿ ಕಾಣುತ್ತದೆ. 'ತ್ರೀ ಈಡಿಯಟ್ಸ್' ಸಿನಿಮಾದಲ್ಲಿ ಬಂದ ಶಾಲೆ ಎಂದರೆ ನಿಮಗೆ ಬೇಗ ಗುರುತು ಸಿಗಬಹುದು. ಲಂಡನ್ನಿನ ಅರುಪ್ ಸಂಸ್ಥೆಯ ವಿನ್ಯಾಸ. ಅಲ್ಲಿ ಪುಟ್ಟ ಮಕ್ಕಳ ತರಗತಿಗಳನ್ನು ನೇರ ದಕ್ಷಿಣಕ್ಕಿಡದೆ 30 ಡಿಗ್ರಿ ಪೂರ್ವಕ್ಕೆ ತಿರುಗಿಸಿದ್ದಾರೆ. ಮಕ್ಕಳು ಬರುವ ಬೆಳಗಿನ ಹೊತ್ತಿಗೇ ಬಿಸಿಲು ಒಳಗಿರಬೇಕು. ವಿದ್ಯಾರ್ಥಿನಿಲಯಗಳು ಮಾತ್ರ ನೇರ ದಕ್ಷಿಣಕ್ಕೆ, ಟ್ರಾಂಬ್ ಗೋಡೆಯೊಂದಿಗೆ. ಭೂಕಂಪದ ನಾಡಾದ್ದರಿಂದ ಭಾರದ ಮಣ್ಣಿನ ಮಾಡನ್ನು ಗೋಡೆಯ ಮೇಲೆ ಕೂರಿಸದೆ ಪ್ರತ್ಯೇಕ ಮರದ ಕಂಬ, ತೊಲೆಗಳ ಮೇಲೆ ನಿಲ್ಲಿಸಿದ್ದಾರೆ.

ಸಿಂಧೂ ನದಿಯ ದಂಡೆಯ ಫೇ ಹಳ್ಳಿಯ ಬಳಿ ಸೆಕ್ಮಾಲ್ ಎಂಬ ಶಿಕ್ಷಣ ಸಂಸ್ಥೆಯಿದೆ. ಸೋನಂ ವಾಂಗ್ಚುಕ್ ಮತ್ತು ಗೆಳೆಯರು 1988ರಲ್ಲಿ ಸ್ಥಾಪಿಸಿದ್ದು. ಅಲ್ಲಿನ ಕಟ್ಟಡಗಳಿಗೆ ಮಣ್ಣನ್ನು ಹಲಗೆಗಳ ನಡುವೆ ಹಾಕಿ ಕುಟ್ಟಿ ಗೋಡೆ ಎಬ್ಬಿಸಿದ್ದಾರೆ. ಆ ಕೆಲಸದಲ್ಲಿ ವಿದ್ಯಾರ್ಥಿಗಳ ಕೈಯೂ ಇದೆ. ಚಳಿಗಾಲ ಬಂತೆಂದರೆ ಕಟ್ಟಡದ ದಕ್ಷಿಣ ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಇಳಿಬಿಡುತ್ತಾರೆ, ಬೇಸಿಗೆ ಬಂತೆಂದರೆ ಬಿಚ್ಚುತ್ತಾರೆ. ಗಾಜಿಗೆ ಹಣವಿಲ್ಲದವರಿಗೆ ಇದು ದಾರಿ ತೋರಿಸುತ್ತದೆ. 2016ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಮಣ್ಣಿನ ಕಟ್ಟಡಗಳಿಗೆ ಕೊಡುವ ಅಂತರರಾಷ್ಟ್ರೀಯ ಟೆರ್ರಾ ಪ್ರಶಸ್ತಿ ಇಲ್ಲಿನ ಮುಖ್ಯ ಕಟ್ಟಡಕ್ಕೆ ಬಂತು.

2021ರ ಫೆಬ್ರವರಿಯಲ್ಲಿ ವಾಂಗ್ಚುಕ್ ಇದೇ ತತ್ವದ ಮೇಲೆ ಸೈನಿಕರಿಗಾಗಿ ಒಂದು ಡೇರೆ ಮಾಡಿ ತೋರಿಸಿದರು. ರಾತ್ರಿ ಹತ್ತು ಗಂಟೆಗೆ ಹೊರಗೆ ಸೊನ್ನೆಗಿಂತ 14 ಡಿಗ್ರಿ ಕೆಳಗಿದ್ದಾಗ ಒಳಗೆ 15 ಡಿಗ್ರಿ ಇತ್ತು ಎಂದು ಅವರು ಪ್ರಕಟಿಸಿದರು. ಈ ಮಾತು ನಮಗೂ ಸಂಬಂಧಪಟ್ಟದ್ದು. ಕೊಡಗಿನಿಂದ, ಬೆಳಗಾವಿ, ಧಾರವಾಡದ ಹಳ್ಳಿಗಳಿಂದ ಹೋದ ಸೈನಿಕರು ಆ ಗಡಿಗಳಲ್ಲಿ ಚಳಿ ಕಾಯುವುದು ಬುಖಾರಿ ಎಂಬ ತಗಡಿನ ಒಲೆಯ ಮುಂದೆ. ಅದಕ್ಕೆ ಸುರಿಯುವ ಸೀಮೆಎಣ್ಣೆ ಲಾರಿಯಲ್ಲಿ ಬೆಟ್ಟ ಹತ್ತಿ ಬರಬೇಕು. ಕಿಟಕಿ ಬಾಗಿಲು ಮುಚ್ಚಿದ ಜಾಗದಲ್ಲಿ ಅದರ ಹೊಗೆ ಪ್ರಾಣಕ್ಕೂ ಅಪಾಯ. ಹಳ್ಳಿಗಳಲ್ಲಿ ಉರಿಸುವುದು ಸೌದೆ ಮತ್ತು ಬೆರಣಿ. ಮರವೇ ಅಪರೂಪವಾದ ಸೀಮೆಯಲ್ಲಿ ಬೇಸಿಗೆಯಿಡೀ ಸಗಣಿ ಆರಿಸಿ ಒಣಗಿಸಿ ಮಾಡಿನ ಮೇಲೆ ಒಟ್ಟುವುದು ಹೆಂಗಸರ ಪಾಲಿನ ದುಡಿಮೆ. ಹೊಲಕ್ಕೆ ಹೋಗಬೇಕಾದ ಗೊಬ್ಬರ ಒಲೆಗೆ ಹೋಗುತ್ತದೆ, ಒಲೆಯ ಹೊಗೆ ಅವರ ಶ್ವಾಸಕ್ಕೆ ಹೋಗುತ್ತದೆ. ಬಿಸಿಲು ಮನೆಯ ಲಾಭವನ್ನು ಡಿಗ್ರಿಯಲ್ಲಿ ಮಾತ್ರ ಅಳೆದರೆ ಇದೆಲ್ಲ ಲೆಕ್ಕಕ್ಕೆ ಬರುವುದಿಲ್ಲ.

ಇದರ ಮಿತಿಗಳನ್ನೂ ಹೇಳಬೇಕು. ಮೋಡ ಮುಚ್ಚಿದ ಮೂರು ದಿನ ಒಟ್ಟಿಗೆ ಬಂದರೆ ಗೋಡೆಯಲ್ಲಿ ಕೂಡಿಟ್ಟದ್ದು ಖಾಲಿಯಾಗುತ್ತದೆ. ಆಗ ಒಲೆ ಹಚ್ಚಲೇಬೇಕು. ಆದ್ದರಿಂದ ಒಲೆಯನ್ನು ಕಿತ್ತುಹಾಕುವ ಮಾತಿಲ್ಲ, ಉರುವಲು ಕಡಿಮೆಯಾಗುತ್ತದೆ. ಗಾಜಿನ ಪಡಸಾಲೆಯಲ್ಲಿ ಗಿಡಗಳ ಪಸೆಯಿಂದ ಮರದ ಚೌಕಟ್ಟು ಕೊಳೆಯಬಹುದು. ತುಂಬಿದ ಹುಲ್ಲಿಗೆ ಇಲಿ ಹೊಗಬಹುದು. ಸಂದಿಗಳನ್ನೆಲ್ಲ ಮುಚ್ಚಿದ ಕೋಣೆಗೆ ಹೊಸ ಗಾಳಿ ಬರಲು ದಾರಿ ಇಡಬೇಕು, ಒಲೆಯಿದ್ದರಂತೂ ಇಡಲೇಬೇಕು. ಮಣ್ಣಿಗೆ ನೀರು ಶತ್ರು. 2010ರ ಆಗಸ್ಟಿನಲ್ಲಿ ಲೇಹ್‌ನ ಮೇಲೆ ಮೇಘಸ್ಫೋಟವಾದಾಗ ಎಷ್ಟೋ ಮಣ್ಣಿನ ಮನೆಗಳು ಪ್ರವಾಹ, ಕೆಸರಿನಲ್ಲಿ ಕೊಚ್ಚಿಹೋದವು. ಎತ್ತರದ ಕಲ್ಲಿನ ತಳಪಾಯ, ಚಾಚಿದ ಮಾಡು, ಹಳ್ಳದ ಹಾದಿಯಿಂದ ದೂರದ ನಿವೇಶನ, ಇವು ಇನ್ನು ಮುಂದೆ ಆ ಒಣನಾಡಿಗೂ ಬೇಕು.

ಆ ಪ್ರವಾಹದ ನೆನಪು ಒಂದು ಕಡೆ, ಪೇಟೆಯ ಷೋಕಿ ಇನ್ನೊಂದು ಕಡೆ. ಜನ ಸಿಮೆಂಟಿನತ್ತ ತಿರುಗಿದ್ದಾರೆ. ಕಾಂಕ್ರೀಟು ಮಣ್ಣಿಗಿಂತ ಸುಮಾರು ಎರಡು ಪಟ್ಟು ಸಲೀಸಾಗಿ ಶಾಖವನ್ನು ದಾಟಿಸುತ್ತದೆ, ಗೋಡೆಯೂ ತೆಳು. ಅಂಥ ಮನೆ ಕಟ್ಟಿಕೊಂಡವರು ಚಳಿಗಾಲದಲ್ಲಿ ಒಂದೇ ಕೋಣೆಗೆ ಸೇರಿಕೊಂಡು ಬುಖಾರಿ ಉರಿಸುತ್ತಾರೆ, ಉಳ್ಳವರು ಚಂಡೀಗಡಕ್ಕೋ ದೆಹಲಿಗೋ ಇಳಿಯುತ್ತಾರೆ. ಸಿಮೆಂಟನ್ನು ಬೈದು ಪ್ರಯೋಜನವಿಲ್ಲ. ಸಿಮೆಂಟಿನ ಮನೆಯೂ ದಕ್ಷಿಣಕ್ಕೆ ಮುಖ ಮಾಡಬಹುದು, ಹೊರಗಡೆ ಹೊದಿಕೆ ಹಾಕಿಕೊಳ್ಳಬಹುದು.

ಯಾರಾದರೂ ಆ ನಾಡಿನಲ್ಲಿ ಮನೆ ಕಟ್ಟುವವರು ಕೈಯಲ್ಲಿರುವ ಹಣವನ್ನು ಯಾವ ಸರದಿಯಲ್ಲಿ ಖರ್ಚು ಮಾಡಬೇಕು ಎಂದು ಕೇಳಿದರೆ ನನ್ನ ಉತ್ತರ ಇದು. ಮೊದಲು ದಿಕ್ಕು ಮತ್ತು ಕೋಣೆಗಳ ಹೊಂದಿಕೆ, ಅದು ಪುಕ್ಕಟೆ. ಆಮೇಲೆ ಬಾಗಿಲು, ಕಿಟಕಿಗಳ ಸಂದಿ. ಅದು ಹೆಚ್ಚುಕಡಿಮೆ ಪುಕ್ಕಟೆ. ಮೂರನೆಯದು ಮಾಡಿನ ಹೊದಿಕೆ, ನಾಲ್ಕನೆಯದು ಗೋಡೆಯ ಹೊದಿಕೆ. ಅದಾದ ಮೇಲೆ ದಕ್ಷಿಣಕ್ಕೆ ಜೋಡಿ ಗಾಜು ಮತ್ತು ದಪ್ಪ ಪರದೆ. ಟ್ರಾಂಬ್ ಗೋಡೆ ಕೊನೆಯದು. ಜನ ಸಾಮಾನ್ಯವಾಗಿ ಇದನ್ನು ಬಾಲದ ಕಡೆಯಿಂದ ಶುರುಮಾಡುತ್ತಾರೆ: ದೊಡ್ಡ ಗಾಜು ಕಣ್ಣಿಗೆ ಕಾಣುತ್ತದೆ, ಮಾಡಿನೊಳಗಿನ ಹುಲ್ಲು ಕಾಣುವುದಿಲ್ಲ.

ಒಬ್ಬೊಬ್ಬರ ಮನೆಯ ಲೆಕ್ಕ ಮುಗಿದ ಮೇಲೆ ಊರಿನ ಲೆಕ್ಕ ಉಳಿಯುತ್ತದೆ. ಇಪ್ಪತ್ತಡಿ ಎತ್ತರದ ಮನೆ ಲೇಹ್‌ನಲ್ಲಿ ಡಿಸೆಂಬರಿನ ನಡುಮಧ್ಯಾಹ್ನ ಉತ್ತರಕ್ಕೆ ಮೂವತ್ತೆರಡು ಅಡಿ ಉದ್ದದ ನೆರಳು ಚೆಲ್ಲುತ್ತದೆ. ಹಿಂದಿನ ಮನೆ ಅದಕ್ಕಿಂತ ಹತ್ತಿರವಿದ್ದರೆ ಅವರ ದಕ್ಷಿಣದ ಗೋಡೆಗೆ ಆ ದಿನ ಬಿಸಿಲು ಪೂರ್ತಿ ಸಿಗುವುದಿಲ್ಲ. ಅವರು ಎಷ್ಟೇ ಒಳ್ಳೆಯ ಗಾಜು ಹಾಕಿರಲಿ, ಕಪ್ಪು ಬಳಿದಿರಲಿ, ಮುಂದಿನ ಮನೆಯವರು ಇನ್ನೊಂದು ಮಹಡಿ ಎಬ್ಬಿಸಿದ ದಿನ ಎಲ್ಲ ವ್ಯರ್ಥ. ಕಾಲುವೆಯ ನೀರನ್ನು ಸರದಿಯ ಮೇಲೆ ಹಂಚಿಕೊಳ್ಳುವ ಪದ್ಧತಿ ಲಡಾಖಿನ ಹಳ್ಳಿಗಳಲ್ಲಿ ತಲೆತಲಾಂತರದಿಂದ ಇದೆ. ಬೆಳೆಯುತ್ತಿರುವ ಪಟ್ಟಣದಲ್ಲಿ ಬಿಸಿಲಿಗೂ ಅಂಥದೊಂದು ಕಟ್ಟಳೆ ಬೇಕು: ಮನೆಯ ಎತ್ತರ ಎಷ್ಟು, ಹಿಂದಿನ ಮನೆಗೆ ಬಿಡಬೇಕಾದ ಜಾಗ ಎಷ್ಟು ಎಂಬುದು ಸೂರ್ಯನ ಕೋನದ ಮೇಲೆ ತೀರ್ಮಾನವಾಗಬೇಕು. ಮನೆಯೊಡೆಯನ ಜಾಣತನ, ಮೇಸ್ತ್ರಿಯ ಕೈಚಳಕ ಎರಡೂ ಈ ಒಂದು ವಿಷಯದಲ್ಲಿ ಸಾಲುವುದಿಲ್ಲ. ಪಟ್ಟಣದ ಆಡಳಿತ ಮುಂದೆ ಬರಬೇಕು.

ಕೊನೆಗೆ ನಮ್ಮ ಮಾತು. ಈ ಭಾಷಣ ಕೇಳಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ದಕ್ಷಿಣಕ್ಕೆ ಗಾಜಿನ ಗೋಡೆ ಕಟ್ಟಲು ಹೊರಡಬೇಡಿ. ನಮ್ಮ ಹಿರಿಯರು ಬಿಸಿಲನ್ನು ದೂರವಿಡಲು ಜಗಲಿ, ಚಾಚಿದ ಸೂರು, ತೊಟ್ಟಿಯ ಅಂಗಳ ಮಾಡಿಕೊಂಡರು. ಅವರ ಲೆಕ್ಕ ನಮ್ಮ ಸೂರ್ಯನಿಗೆ ಸರಿಯಾಗಿತ್ತು. ಚಳಿನಾಡಿಗೆ ಒಪ್ಪುವ ಗಾಜಿನ ಪೆಟ್ಟಿಗೆಯನ್ನು 13 ಡಿಗ್ರಿ ಅಕ್ಷಾಂಶದಲ್ಲಿ ಹತ್ತಾರು ಮಹಡಿ ಎಬ್ಬಿಸಿ, ಒಳಗೆ ಬಂದ ಬಿಸಿಯನ್ನು ಹವಾನಿಯಂತ್ರಕದಿಂದ ಹೊರಗೆ ತಳ್ಳಲು ಕರೆಂಟು ಸುಡುತ್ತಿರುವವರು ನಾವು. ಲಡಾಖಿನ ರೈತನ ಮನೆಯಿಂದ ಕಲಿಯುವುದಿದ್ದರೆ ಅವನ ಗೋಡೆಯನ್ನಲ್ಲ, ಅವನ ಕ್ರಮವನ್ನು ಕಲಿಯಬೇಕು. ಮುಂದಿನ ಸಲ ಮನೆಯ ನಕ್ಷೆ ನಿಮ್ಮ ಕೈಗೆ ಬಂದಾಗ, ಅದರ ಮೇಲೆ ಡಿಸೆಂಬರ್ ಮತ್ತು ಏಪ್ರಿಲ್ ತಿಂಗಳ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ಗುರುತು ಹಾಕಿಕೊಡಲು ಎಂಜಿನಿಯರಿಗೆ ಹೇಳಿ. ಗುರುತು ಹಾಕಿಕೊಟ್ಟ ಮೇಲೆಯೇ ಸಹಿ ಮಾಡಿ.